ಬಿರ್ಜುವನ್ನು ಕೊಂದ ಕೈಗೆ ಹಾರ ಯಾಕೆ?

ಟೆಂಟಿನಲ್ಲಿ ನೆಲದ ಟಿಕೇಟು ಕೊಂಡು, ಮರಳಿನ ಮೇಲೆ ಕೂತು ಸಿನೆಮಾ ನೋಡಿದವರು ನಾವು. ನಮ್ಮ ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಊರಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋದು ಟೆಂಟಿನೊಳಗೂ ಹೆಚ್ಚುಕಮ್ಮಿ ಹಾಗೇ ಇತ್ತು. 'ಮದರ್ ಇಂಡಿಯಾ' ಬಂದಾಗ, ಬಿರ್ಜು ಸಾಹುಕಾರನ ಲೆಕ್ಕದ ಪುಸ್ತಕಗಳಿಗೆ ಬೆಂಕಿ ಇಟ್ಟ ಕೂಡಲೇ ಮರಳಿನ ಕಡೆಯಿಂದ ಎದ್ದ ಸಿಳ್ಳೆ ಇನ್ನೂ ನಮ್ಮ ಕಿವಿಯಲ್ಲಿದೆ. ಸ್ವಲ್ಪ ಹೊತ್ತಿಗೆ ಹೆತ್ತ ತಾಯಿಯೇ ಅವನಿಗೆ ಗುಂಡು ಹೊಡೆದಳು. ಕುರ್ಚಿಯವರು ಕಣ್ಣೊರೆಸಿಕೊಂಡರು. ನಾವೂ ಅತ್ತೆವು. ಕತ್ತಲಲ್ಲಿ ಕೇರಿಗೆ ನಡೆದು ಬರುವಾಗ ನಮ್ಮೊಳಗೊಬ್ಬ ಹುಡುಗ ಕೇಳಿದ: 'ಇಬ್ರೂ ಕೊಂದ್ರಲ್ಲೋ. ಅವ್ಳು ದೇವ್ರಾದ್ಲು. ಇವ್ನ್ ಯಾಕೆ ಪಾಪಿ ಆದ?'

ಆವತ್ತು ಯಾರೂ ಉತ್ತರ ಹೇಳಲಿಲ್ಲ. ಈಗ ಹೇಳಲು ಪ್ರಯತ್ನಿಸುತ್ತಿದ್ದೇವೆ.

ಸಿನೆಮಾದ ಕೊಲೆಗಾರ ಒಳ್ಳೆಯ ಮನುಷ್ಯನಾಗಿರಬಹುದೆ? ಪಂಡಿತರು ಇದನ್ನು ನೀತಿಶಾಸ್ತ್ರದ ಪ್ರಶ್ನೆ ಎನ್ನುತ್ತಾರೆ. ನಾವು ಇದನ್ನು ಚರಿತ್ರೆಯ ಪ್ರಶ್ನೆಯಾಗಿ ಕೇಳುತ್ತೇವೆ. ಯಾವ ಕೊಲೆಗಾರನನ್ನು ಒಳ್ಳೆಯವನೆಂದು ತೋರಿಸಲು ಸಿನೆಮಾಕ್ಕೆ ಅಪ್ಪಣೆ ಸಿಕ್ಕಿತು? ಅಪ್ಪಣೆ ಕೊಟ್ಟವರು ಯಾರು?

ಮೊದಲು ಅಮೆರಿಕದಲ್ಲಿ ಈ ಪ್ರಶ್ನೆಗೆ ಬರಹದಲ್ಲೇ ಉತ್ತರ ಸಿದ್ಧವಾಯಿತು. ಅಲ್ಲಿನ ಚಿತ್ರ ನಿರ್ಮಾಪಕರು 1930ರಲ್ಲಿ ಒಂದು ನೀತಿಸಂಹಿತೆ ಒಪ್ಪಿಕೊಂಡರು. ಬರೆದವರಲ್ಲಿ ಒಬ್ಬರು ಡೇನಿಯಲ್ ಲಾರ್ಡ್ ಎಂಬ ಕ್ರೈಸ್ತ ಪಾದ್ರಿ. ನೋಡುವವರ ಮರುಕ ಅಪರಾಧದ ಕಡೆಗೆ ಹೋಗಕೂಡದು, ಈ ಕಾಲದಲ್ಲಿ ನಡೆಯುವ ಸೇಡನ್ನು ಸರಿಯೆಂದು ತೋರಿಸಕೂಡದು ಎಂಬುದು ಅದರ ಸಾರ. ಆಗ ಅಲ್ಲಿ ಮಹಾ ಆರ್ಥಿಕ ಕುಸಿತ. ಕೆಲಸ ಕಳೆದುಕೊಂಡ ಜನ 'ಲಿಟ್ಲ್ ಸೀಸರ್', 'ಪಬ್ಲಿಕ್ ಎನಿಮಿ' ಚಿತ್ರಗಳ ಪುಂಡರನ್ನು ನೋಡಲು ಮುಗಿಬೀಳುತ್ತಿದ್ದರು. 1932ರ 'ಸ್ಕಾರ್‌ಫೇಸ್' ಚಿತ್ರದ ಹೆಸರಿಗೆ 'ದೇಶಕ್ಕೆ ನಾಚಿಕೆ' ಎಂಬ ಬಾಲ ಕಟ್ಟಿಸಿದರು. 1934ರಿಂದ ಸಂಹಿತೆ ಬಿಗಿಯಾಯಿತು. 1968ರವರೆಗೂ ಅದು ಹೆಸರಿಗಾದರೂ ಉಳಿಯಿತು. ಕೊಂದವನು ಕಡೆಯ ರೀಲಿನಲ್ಲಿ ಸಾಯಬೇಕು ಇಲ್ಲಾ ಜೈಲಿಗೆ ಹೋಗಬೇಕು ಎಂಬ ಪದ್ಧತಿ ಗಟ್ಟಿಯಾದದ್ದು ಹೀಗೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿತು. ಕೊಲೆಗಾರನನ್ನು ಅವನ ಸ್ವಂತ ಮನೆಯವರ ಕೈಯಿಂದಲೇ ಕೊಲ್ಲಿಸುವುದು.

ಮೆಹಬೂಬ್ ಖಾನರ 'ಮದರ್ ಇಂಡಿಯಾ' 1957ರದು. ಅತ್ತೆ ಮದುವೆಗೆಂದು ತಂದ 500 ರೂಪಾಯಿ ಸಾಲ. ಓದು ಬಾರದ ಮನೆಯವರ ಮುಂದೆ ಸಾಹುಕಾರನ ಪುಸ್ತಕವೇ ವೇದ. ಪಂಚಾಯಿತಿ ಸೇರಿ, ಬೆಳೆಯ ನಾಲ್ಕರಲ್ಲಿ ಮೂರು ಪಾಲು ಬಡ್ಡಿಗೇ ಕೊಡಬೇಕೆಂದು ತೀರ್ಪು ಕೊಡುತ್ತದೆ. ನ್ಯಾಯದ ಬಾಗಿಲು ಅಲ್ಲಿಗೇ ಮುಚ್ಚಿತು. ಬಿರ್ಜು ಹುಟ್ಟುವುದು ಆ ಮುಚ್ಚಿದ ಬಾಗಿಲ ಮುಂದೆ. ಕಡೆಗೆ ಅವನು ಸಾಹುಕಾರನನ್ನು ಕೊಲ್ಲುತ್ತಾನೆ, ಸಾಹುಕಾರನ ಮಗಳನ್ನು ಮದುವೆಯ ದಿನ ಹೊತ್ತೊಯ್ಯುತ್ತಾನೆ. ಅಪ್ಪನ ಅನ್ಯಾಯಕ್ಕೆ ಮಗಳ ಮೇಲೆ ಕೈಹಾಕಿದ್ದು ತಪ್ಪೇ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಚಿತ್ರದ ಚಾಲಾಕಿತನ ನೋಡಿ. ಅಷ್ಟು ಹೊತ್ತೂ ಸಾಲದ ಪ್ರಶ್ನೆಯಾಗಿದ್ದದ್ದು ಒಂದೇ ಏಟಿಗೆ ಊರಿನ ಹೆಣ್ಣಿನ ಮಾನದ ಪ್ರಶ್ನೆಯಾಯಿತು. ಮಾನ ಕಾಯಲು ತಾಯಿ ಬಂದೂಕು ಎತ್ತಿದಳು. ಪಂಚಾಯಿತಿಯ ತೀರ್ಪು ಏನಾಯ್ತು? ಅದನ್ನು ಯಾರೂ ಕೇಳಲಿಲ್ಲ.

ಈ ಚಿತ್ರ ಶುರುವಾಗುವುದು ಕಾಲುವೆಯ ಉದ್ಘಾಟನೆಯಿಂದ. ಮುದುಕಿಯಾದ ಆ ತಾಯಿಯ ಕೊರಳಿಗೆ ಊರವರು ಹಾರ ಹಾಕುತ್ತಾರೆ. 1975ರ 'ದೀವಾರ್' ಶುರುವಾಗುವುದೂ ಸನ್ಮಾನ ಸಭೆಯಿಂದಲೇ. ಪೊಲೀಸ್ ಮಗನಿಗೆ ಬಂದ ಗೌರವ ತಾಯಿಯ ಕೈ ಸೇರುತ್ತದೆ. ಅಪ್ಪ ಗಣಿ ಕೂಲಿಗಳ ಮುಂದಾಳು. ಹೆಂಡತಿ ಮಕ್ಕಳ ಜೀವಕ್ಕೆ ಹೆದರಿ ಮಾಲಿಕರ ಕಾಗದಕ್ಕೆ ಸಹಿ ಹಾಕಿ ಮಾನ ಕಳೆದುಕೊಂಡವನು. 'ನನ್ನಪ್ಪ ಕಳ್ಳ' ಎಂದು ಎಳೆಯ ವಿಜಯನ ಕೈಮೇಲೆ ಹಚ್ಚೆ ಹಾಕುತ್ತಾರೆ. ಆ ಹುಡುಗ ಬೆಳೆದು ಹಡಗುಕಟ್ಟೆಯ ಕೂಲಿಯಾಗಿ, ಆಮೇಲೆ ಕಳ್ಳಸಾಗಣೆಗಾರನಾಗಿ, ಕೊಲೆಗಾರನಾಗಿ, ತಮ್ಮನ ಗುಂಡಿಗೆ ಸಾಯುತ್ತಾನೆ. ಗುಂಡು ಹೊಡೆಯುವಾಗ ಕೈ ನಡುಗದಿರಲಿ ಎಂದು ಹರಸಿ ಪಿಸ್ತೂಲು ಕೊಟ್ಟವಳು ತಾಯಿ. ಹಚ್ಚೆ ಹಾಕಿದವರಿಗೆ, ಸಹಿ ಹಾಕಿಸಿದ ಮಾಲಿಕರಿಗೆ ಈ ಸಭೆಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ.

ಎರಡು ಚಿತ್ರದಲ್ಲೂ ವೇದಿಕೆ ಒಂದೇ. ಕೊಂದ ಬಡವನ ಮೇಲೆ ಮರುಕ ತೋರಿಸು, ಆದರೆ ಅವನನ್ನು ಮುಗಿಸು, ಮುಗಿಸಿದವರಿಗೆ ಹಾರ ಹಾಕು.

ಅದೇ ವರ್ಷ ಆಗಸ್ಟ್ 15ಕ್ಕೆ 'ಶೋಲೆ' ಬಂತು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ. ಇಲ್ಲಿ ಸೇಡು ತೀರಿಸಿಕೊಳ್ಳುವವನ ಹೆಸರೇ ಠಾಕೂರ್. ಜಮೀನಿದೆ, ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದವನು. ತನ್ನ ಕೈ ಹೋದ ಮೇಲೆ ಇಬ್ಬರು ಕಳ್ಳರನ್ನು ಕೂಲಿ ಕೊಟ್ಟು ಕರೆಸುತ್ತಾನೆ. ಜೈ, ವೀರು ಎಷ್ಟು ಜನರನ್ನು ಕೊಂದರು? ಎಣಿಸಿದವರುಂಟೆ? ಠಾಕೂರನ ಅಪ್ಪಣೆ ಇದ್ದದ್ದರಿಂದ ಆ ಕೊಲೆಗಳು ಕೊಲೆಗಳೇ ಅಲ್ಲ! ಮೂಲದಲ್ಲಿ ಠಾಕೂರನೇ ಮೊಳೆಯ ಬೂಟಿನಿಂದ ತುಳಿದು ಗಬ್ಬರನನ್ನು ಕೊಲ್ಲುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ. ಸೆನ್ಸಾರಿನವರು ಒಪ್ಪಲಿಲ್ಲ. ಕಡೆ ಗಳಿಗೆಯಲ್ಲಿ ಪೊಲೀಸರು ಬಂದು ಗಬ್ಬರನನ್ನು ಹಿಡಿಯುವ ಹಾಗೆ ಬದಲಾಯಿಸಿದರು. ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಜೈಲಿಗೆ ತಳ್ಳಿದ್ದ ಸರ್ಕಾರ, ತೆರೆಯ ಮೇಲೆ ಮಾತ್ರ ಕಾನೂನು ಕೈಗೆ ತಗೋಬೇಡಿ ಅಂತ ಪಾಠ ಹೇಳಿತು. ಆ ಮೂಲ ಕೊನೆ 2025ರಲ್ಲಿ ಇಟಲಿಯ ಬೊಲೊನ್ಯಾದ ಉತ್ಸವದಲ್ಲಿ ಪ್ರದರ್ಶನವಾಯಿತು. 50 ವರ್ಷದ ನಂತರ ಠಾಕೂರನ ಸೇಡಿಗೆ ಚಪ್ಪಾಳೆ ಸಿಕ್ಕಿತು.

ತೆರೆಯ ಹೊರಗೆ ಏನಾಗುತ್ತಿತ್ತು?

ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರ ರಾತ್ರಿ, ಕೂಲಿ ಹೆಚ್ಚಿಗೆ ಕೇಳಿ ಸಂಘ ಕಟ್ಟಿದ ದಲಿತರ ಮೇಲೆ ಭೂಮಾಲಿಕರು ನುಗ್ಗಿದರು. ಹೆದರಿ ಒಂದು ಗುಡಿಸಲಲ್ಲಿ ಅವಿತವರನ್ನು ಅಲ್ಲೇ ಸುಟ್ಟರು. 44 ಜನ. ಹೆಚ್ಚಿನವರು ಹೆಂಗಸರು, ಮಕ್ಕಳು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತ್ತು. ಮದರಾಸು ಹೈಕೋರ್ಟು ಭೂಮಾಲಿಕರನ್ನು ಬಿಟ್ಟಿತು. ಕಾರು ಇಟ್ಟುಕೊಂಡ ಶ್ರೀಮಂತರು ತಾವೇ ನಡೆದು ಹೋಗಿ ಗುಡಿಸಲಿಗೆ ಬೆಂಕಿ ಇಟ್ಟರೆಂದು ನಂಬುವುದು ಕಷ್ಟ ಅಂದಿತು. ಆ ಭೂಮಾಲಿಕರ ಮುಂದಾಳು 1980ರಲ್ಲಿ ಕೊಲೆಯಾದ.

ಮರುವರ್ಷವೇ, 1981ರ ಫೆಬ್ರವರಿ 14ರಂದು, ಉತ್ತರ ಪ್ರದೇಶದ ಬೆಹ್ಮಾಯಿಯಲ್ಲಿ 20 ಜನರ ಕೊಲೆ. ಹೆಚ್ಚಿನವರು ಠಾಕೂರರು. ಹೆಸರು ಬಂದದ್ದು ದೋಣಿಯವರ ಜಾತಿಯಲ್ಲಿ ಹುಟ್ಟಿದ ಫೂಲನ್ ದೇವಿಯದು. ಅಲ್ಲಿ ಕೊಂದದ್ದು ತಾನಲ್ಲ ಎಂದೇ ಆಕೆ ಹೇಳಿದ್ದಳು. 1994ರ 'ಬ್ಯಾಂಡಿಟ್ ಕ್ವೀನ್' ಚಿತ್ರ ಆಕೆಗೆ ಸಮರ್ಥನೆ ಕೊಡಲು ಹೊರಟು, ಆಕೆಯ ಮೇಲಾದ ಅತ್ಯಾಚಾರವನ್ನು ಬಿಡಿಸಿ ಬಿಡಿಸಿ ತೋರಿಸಿತು. ಫೂಲನ್ ಅದರ ವಿರುದ್ಧ ಕೋರ್ಟಿಗೆ ಹೋದಳು. ಕೊಲೆಗೆ ಕಾರಣ ಬೇಕು, ಕಾರಣಕ್ಕೆ ಹೆಣ್ಣಿನ ಮೈ ಬೇಕು. ಆ ಹೆಣ್ಣಿನ ಒಪ್ಪಿಗೆ ಮಾತ್ರ ಬೇಡ! ನಮ್ಮ ಗೆಳೆಯರೂ ಈ ಚಿತ್ರಕ್ಕೆ ಚಪ್ಪಾಳೆ ಹೊಡೆದದ್ದುಂಟು. ಅದಕ್ಕೆ ನಮಗೆ ನಾಚಿಕೆಯಿದೆ.

ಬಿರ್ಜುವಿನ ಪ್ರಶ್ನೆಗೆ ಬೇರೆ ಉತ್ತರ ಬರಲು 2019 ಆಗಬೇಕಾಯಿತು. ಪೂಮಣಿಯವರ 1982ರ ತಮಿಳು ಕಾದಂಬರಿ 'ವೆಕ್ಕೈ' ಇಟ್ಟುಕೊಂಡು ವೆಟ್ರಿಮಾರನ್ ತೆಗೆದ ಚಿತ್ರ 'ಅಸುರನ್'. ಶಿವಸಾಮಿಯ ಕುಟುಂಬಕ್ಕೆ ಇರುವುದು ಚೂರು ಭೂಮಿ. ಅದರ ಜಗಳದಲ್ಲಿ ಭೂಮಾಲಿಕ ದೊಡ್ಡ ಮಗನನ್ನು ಕೊಲ್ಲಿಸುತ್ತಾನೆ, ಸಿಗುವುದು ತಲೆಯಿಲ್ಲದ ಹೆಣ. ಇನ್ನೂ ಮೀಸೆ ಮೂಡದ ಚಿಕ್ಕ ಮಗ ಆ ಭೂಮಾಲಿಕನನ್ನು ಕೊಲ್ಲುತ್ತಾನೆ. ಹಿಂದಿನ ಕತೆಯಲ್ಲಿ ಪಂಚಮಿ ಭೂಮಿಯ ಹೋರಾಟ ಬರುತ್ತದೆ. ಬ್ರಿಟಿಷರು 1892ರಿಂದ ಮದರಾಸು ಪ್ರಾಂತ್ಯದ ದಲಿತರಿಗೆಂದೇ ಕೊಟ್ಟ ನೆಲ ಅದು. ಮೇಲ್ಜಾತಿಗಳ ಕೈಗೆ ಜಾರಿಹೋಯಿತು. ದಲಿತರಿಗೆ ಮಂಜೂರಾದ ಜಮೀನು ಹೇಗೆ ಕೈಬಿಡುತ್ತದೆ ಎಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಅದನ್ನು ತಡೆಯಲೆಂದೇ ಕರ್ನಾಟಕದಲ್ಲಿ 1978ರಲ್ಲಿ ಪರಭಾರೆ ನಿಷೇಧ ಕಾಯಿದೆ ಬಂತು. ಶಿವಸಾಮಿ ಹರೆಯದಲ್ಲಿ ಮದುವೆಯಾಗಬೇಕಿದ್ದ ಹುಡುಗಿ ಚಪ್ಪಲಿ ಮೆಟ್ಟಿದ್ದಕ್ಕೆ ಅದನ್ನು ತಲೆ ಮೇಲೆ ಹೊರಿಸುತ್ತಾರೆ. ಆಮೇಲೆ ಕೇರಿಯನ್ನೇ ಸುಡುತ್ತಾರೆ. ನೋಡಿದವರಿಗೆ ಕೀಳ್ವೆಣ್ಮಣಿ ನೆನಪಾಗದೆ ಇರದು. ಆ ಬೆಂಕಿಗೆ ಕೊಲೆಯಿಂದ ಉತ್ತರ ಕೊಟ್ಟವನು ಶಿವಸಾಮಿಯೇ.

ಇಲ್ಲಿ ಅಪ್ಪ ಮಗನನ್ನು ಕೊಲ್ಲುವುದಿಲ್ಲ. ಮಗನ ಕೊಲೆಯನ್ನು ತನ್ನ ಮೇಲೆ ಹಾಕಿಕೊಂಡು ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ. ಹತ್ತುವ ಮುಂಚೆ ಮಗನಿಗೆ ಹೇಳುತ್ತಾನೆ: ಭೂಮಿ ಕಿತ್ತುಕೊಳ್ಳಬಹುದು, ದುಡ್ಡು ಕಿತ್ತುಕೊಳ್ಳಬಹುದು, ಓದನ್ನು ಕಿತ್ತುಕೊಳ್ಳಲಾಗದು. ಓದು, ಅಧಿಕಾರಕ್ಕೆ ಬಾ, ಬಂದಾಗ ಅವರು ನಮಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಮಾಡಬೇಡ. ಎರಡು ಸಲ ರಕ್ತ ನೋಡಿದವನ ಮಾತು ಇದು.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದರ ಸಾರ ಇಷ್ಟು: ಸಂವಿಧಾನದ ದಾರಿ ಇಲ್ಲದಾಗ ಅದರಾಚೆಯ ದಾರಿಗೆ ಸಾಕಷ್ಟು ಸಮರ್ಥನೆಯಿತ್ತು, ದಾರಿ ತೆರೆದಿರುವಾಗ ರಕ್ತದ ದಾರಿಗೆ ಸಮರ್ಥನೆಯಿಲ್ಲ. ಮೇಲಿನವರು ಇದರ ಎರಡನೇ ಅರ್ಧವನ್ನು ಮಾತ್ರ ನಮಗೆ ಓದಿ ಹೇಳುತ್ತಾರೆ. ಮೊದಲ ಅರ್ಧ ಅವರಿಗೆ ಹೇಳಿದ ಮಾತು. ಬಾಗಿಲು ತೆರೆದಿಡುವ ಹೊಣೆ ಅವರದು.

ಹಾಗಾದರೆ ನಮ್ಮ ಉತ್ತರ? ಕೊಂದವನು ಒಳ್ಳೆಯ ಮನುಷ್ಯನಾಗಿರಬಹುದು. ಆದರೆ ಕೊಂದದ್ದರಿಂದ ಒಳ್ಳೆಯವನಾಗುವುದಿಲ್ಲ. ತೆರೆಯ ಮೇಲಿನ ಮಚ್ಚಿಗೆ ಸಿಳ್ಳೆ ಹಾಕಿ ಬಂದ ನಮ್ಮ ಹುಡುಗ ನಾಳೆ ನಿಜವಾದ ಮಚ್ಚು ಹಿಡಿದರೆ, ಅವನಿಗೆ ಠಾಕೂರನಿಗೆ ಸಿಕ್ಕ ಚಪ್ಪಾಳೆ ಸಿಗುವುದಿಲ್ಲ. ಅವನ ಹೆಸರಲ್ಲಿ ಇಡೀ ಕೇರಿಯೇ ಏಟು ತಿನ್ನುತ್ತದೆ. ಇದು ನಮಗೆ ಗೊತ್ತಿರಬೇಕು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಮನವಿ. ಸಿನೆಮಾ ನೋಡಿ ಬಂದ ಮಕ್ಕಳಿಗೆ 'ಕೊಲೆ ಪಾಪ' ಅಂತ ಒಂದೇ ಸಾಲು ಹೇಳಿ ಕೂರಿಸಬೇಡಿ. ಕೇಳಿ: ಕೊಲ್ಲುವ ಮುಂಚೆ ಅವನು ಯಾವ ಯಾವ ಬಾಗಿಲು ತಟ್ಟಿದ? ಒಳಗಿದ್ದೂ ತೆರೆಯದವರು ಯಾರು? ಚಿತ್ರ ಮುಗಿದಾಗ ಆ ಬಾಗಿಲು ತೆರೆಯಿತಾ, ಇಲ್ಲಾ ಅವನ ಹೆಣ ಮಾತ್ರ ಬಿತ್ತಾ?

ಆವತ್ತು ಕತ್ತಲ ದಾರಿಯಲ್ಲಿ ಆ ಹುಡುಗ ಕೇಳಿದ್ದೂ ಇದನ್ನೇ. ನಮಗೆ ಅರ್ಥವಾಗಲು ಇಷ್ಟು ವರ್ಷ ಹಿಡಿಯಿತು.