ಜಗಲಿಯಿಂದ ಲ್ಯಾಪ್‌ಟಾಪಿಗೆ

ಮನೇಲಿ ಕೂತು ಕಾಲೇಜಿಗೆ ಪಾಠ ಮಾಡೋದು 2020ರ ಲಾಕ್‌ಡೌನ್ ತಂದ ಪದ್ಧತಿ ಅಂತ ಅಂದುಕೊಂಡಿದ್ದೇವೆ. ಆದರೆ ಮೇಷ್ಟ್ರ ಮನೆಯೇ ಶಾಲೆಯಾಗಿದ್ದ ಕಾಲವೂ ಇತ್ತು. ಐಗಳು ತಮ್ಮ ಮನೆ ಜಗಲಿ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಮರಳಲ್ಲಿ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಹೇಳಿಸುತ್ತಿದ್ದರು.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ, ಹನೂರು ಸೀಮೆ ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಲ್ಲೇ ಉಳಿದು ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಹೀಗಾಗಿ 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಊರ ಶಾಲೆಗಳ ಲೆಕ್ಕ ಕೇಳಿದಾಗ ಕೊಳ್ಳೇಗಾಲ ಅದರೊಳಗಿತ್ತು, ಯಳಂದೂರು ಇರಲಿಲ್ಲ. 1826ರಲ್ಲಿ ಮನ್ರೋ ಬರೆದ ಟಿಪ್ಪಣಿಯ ಪ್ರಕಾರ ಇಡೀ ಪ್ರಾಂತ್ಯದಲ್ಲಿ 12,498 ಶಾಲೆಗಳು. ಮೇಷ್ಟ್ರ ಗಳಿಕೆ ಸಾಮಾನ್ಯವಾಗಿ ತಿಂಗಳಿಗೆ ಆರೇಳು ರೂಪಾಯಿ ದಾಟದು. ಇಷ್ಟಕ್ಕೆ ಯೋಗ್ಯರು ಈ ಕೆಲಸಕ್ಕೆ ಬರೋದಿಲ್ಲ ಅಂತಲೂ ಅದರಲ್ಲಿದೆ.

ಆಮೇಲೆ ಶಾಲೆ, ಕಾಲೇಜಿಗೆ ಕಟ್ಟಡ ಬಂತು, ಮೇಷ್ಟ್ರಿಗೆ ಸಂಬಳ ಬಂತು. 2020ರಲ್ಲಿ ಪಾಠ ವಾಪಸ್ ಮನೆಗೆ ಬಂದಾಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ ತಿಂಗಳಿಗೆ 11,000ದಿಂದ 13,000 ರೂಪಾಯಿ. ಫೋನು, ಡೇಟಾ, ಕರೆಂಟು ಎಲ್ಲ ಆ ದುಡ್ಡಲ್ಲೇ ಆಗಬೇಕು. 2021ರ ಕೊನೆಗೆ ಮುಷ್ಕರ ಹೂಡಿದ ಮೇಲೆ, 2022ರ ಜನವರಿಯಲ್ಲಿ ಅದು 26,000ದಿಂದ 32,000ಕ್ಕೆ ಏರಿತು.

ಐಗಳ ಜಗಲಿಗೆ ಹುಡುಗ ನಡೆದು ಬಂದರೆ ಸಾಕಿತ್ತು. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಪೋಡಿನ ಹುಡುಗ ಸಿಗ್ನಲ್ ಹುಡುಕಿಕೊಂಡು ನಡೀಬೇಕು. ಮೇಷ್ಟ್ರ ಮನೆಯನ್ನೇ ಕಾಲೇಜು ಮಾಡೋದಾದರೆ ಈ ಎರಡು ಖರ್ಚನ್ನೂ ಮೊದಲು ಸರ್ಕಾರದ ಲೆಕ್ಕಕ್ಕೆ ಬರೆಯಬೇಕು.