ಓದುವ ಯಂತ್ರ, ಕೇಳುವ ಗಡಿನಾಡು

ಮಹಾರಾಷ್ಟ್ರದ ಗಡಿಯ ನಾಂದಣಿ, ಇಚಲಕರಂಜಿ, ಗಡಹಿಂಗ್ಲಜ ಸುತ್ತಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ, ಶಾಲೆಯಲ್ಲಿ ತಿದ್ದಿದ ಅಕ್ಷರ ಮರಾಠಿಯದು. ಅಂಥವರಿಗೆ ಕನ್ನಡ ಪತ್ರಿಕೆ ಕೈಗೆ ಸಿಕ್ಕರೂ ಓದಲು ಬಾರದು. ಯಾರಾದರೂ ಓದಿ ಹೇಳಿದರೆ ಎಲ್ಲ ತಿಳಿಯುತ್ತದೆ. ಕಂಪ್ಯೂಟರ್ ದನಿ ಸುದ್ದಿ ಓದುವುದು ಬೆಂಗಳೂರಿಗರಿಗೆ ಬರೀ ಅನುಕೂಲ. ಇಲ್ಲಿ ಅದರ ತೂಕವೇ ಬೇರೆ.

ಈ ದಾರಿ ಸವೆಸಿದವರು ಅಂಧರು. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ ಎನ್‌ವಿಡಿಎ ಪರದೆಯ ಮೇಲಿದ್ದುದನ್ನು ಓದಿ ಹೇಳುವ ಉಚಿತ ತಂತ್ರಾಂಶ. ಅದಕ್ಕೆ ದನಿ ಕೊಟ್ಟದ್ದು ಜೊನಾಥನ್ ಡಡಿಂಗ್ಟನ್ ಅವರ ಇ-ಸ್ಪೀಕ್. ಮನುಷ್ಯರ ದನಿಯ ತುಣುಕುಗಳನ್ನೇ ನೆಚ್ಚದೆ, ಬಹುಪಾಲು ಲೆಕ್ಕ-ನಿಯಮಗಳಿಂದ ಅದು ಕನ್ನಡವನ್ನೂ ಉಚ್ಚರಿಸಿತು. ತಗಡು ಬಡಿದಂಥ ದನಿ, ನಿಜ. ಆದರೆ ಎಷ್ಟು ವೇಗ ಹೆಚ್ಚಿಸಿದರೂ ಮಾತು ಕಲಸಿಹೋಗದು. ಪಳಗಿದ ಕಿವಿಗೆ ಇಂದಿಗೂ ಅದೇ ಇಷ್ಟ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಹರಿಹರನ್ ನೇತೃತ್ವದಲ್ಲಿ ಸಿಂಪ್ಯೂಟರ್‌ಗಾಗಿ ಹುಟ್ಟಿದ 'ಧ್ವನಿ' ಇನ್ನೊಂದು ಹಾದಿ ಹಿಡಿಯಿತು: ಮುದ್ರಿಸಿಟ್ಟ ಉಚ್ಚಾರದ ಚೂರುಗಳನ್ನು ಪೋಣಿಸುವುದು. ಸಿಂಪ್ಯೂಟರ್ ಓದುಬರಹ ಬಾರದವರಿಗೂ ದಕ್ಕಬೇಕೆಂದು ರೂಪಿಸಿದ ಅಗ್ಗದ ಯಂತ್ರ. ಅದು ಮೂಲೆ ಸೇರಿತು. ಆದರೆ 'ಧ್ವನಿ'ಯನ್ನು ತಂತ್ರಾಂಶ ತಜ್ಞ ಸಂತೋಷ್ ತೋಟ್ಟಿಂಗಲ್ ಬೆಳೆಸಿದರು.

ದನಿಯಿದ್ದರೂ ಓದಲು ಸುದ್ದಿಯೇ ಇರಲಿಲ್ಲ! ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗವಿತ್ತು. ಆದರೂ ನಮ್ಮ ಪತ್ರಿಕೆಗಳು ಬಹುಕಾಲ ತಮ್ಮತಮ್ಮ ಫಾಂಟುಗಳನ್ನೇ ನೆಚ್ಚಿದವು. ಕಣ್ಣಿಗೆ ಕಂಡದ್ದು 'ಕ', ಒಳಗಿದ್ದುದು ಯಾವುದೋ ಇಂಗ್ಲಿಷ್ ಸಂಕೇತ. ಯಂತ್ರ ಓದಿದರೆ ಬರೀ ಬಡಬಡಿಕೆ. ಕನ್ನಡದ ಯಂತ್ರವಾಚನವನ್ನು ಹೆಚ್ಚು ತಡಮಾಡಿದ್ದು ದನಿಯ ಕೊರತೆಗಿಂತ ಈ ಫಾಂಟುಗಳೇ ಎಂದು ನನ್ನ ಎಣಿಕೆ.

ಪತ್ರಿಕೆಗಳ ಜಾಲತಾಣಗಳು ಯೂನಿಕೋಡಿಗೆ ಹೊರಳಿದ ಮೇಲೆ ಮುಂದಿನದು ಬೇಗ ನಡೆಯಿತು. 2016ರಲ್ಲಿ ಡೀಪ್‌ಮೈಂಡ್‌ನ ವೇವ್‌ನೆಟ್ ಎಂಬ ದನಿ ಮಾದರಿ ಬಂದಮೇಲೆ ಯಂತ್ರ ಮನುಷ್ಯರ ದನಿಯಿಂದಲೇ ಏರಿಳಿತ ಕಲಿಯತೊಡಗಿತು. 2020ರ ಹೊತ್ತಿಗೆ ಗೂಗಲ್ ಕನ್ನಡ ಧ್ವನಿಮುದ್ರಿಕೆಗಳನ್ನು ಎಲ್ಲರಿಗೂ ಮುಕ್ತವಾಗಿಸಿತು. ಐಐಟಿ ಮದ್ರಾಸಿನ ಎಐ4ಭಾರತ್ 2022ರಲ್ಲಿ ಹೊರತಂದ 13 ಭಾಷೆಗಳ ದನಿಗಳಲ್ಲಿ ಕನ್ನಡವೂ ಇತ್ತು. 2023ರ ಜುಲೈನಲ್ಲಿ ಪವರ್ ಟಿವಿ 'ಸೌಂದರ್ಯ' ಎಂಬ ಕೃತಕ ನಿರೂಪಕಿಯನ್ನೇ ಕೂರಿಸಿತು. ಅದರಲ್ಲಿ ಬೆರಗೇ ಹೆಚ್ಚು, ಬಳಕೆ ಕಡಿಮೆ.

ಬಳಕೆಗೆ ಗಡಿನಾಡಿನ ಸುದ್ದಿಯನ್ನೇ ನೋಡಿ. 2025ರ ಜುಲೈ ಕೊನೆಯಲ್ಲಿ ನಾಂದಣಿ ಜೈನ ಮಠದ ಆನೆ ಮಹಾದೇವಿಯನ್ನು ಜಾಮನಗರದ ವನತಾರಾ ಪ್ರಾಣಿಧಾಮಕ್ಕೆ ಸಾಗಿಸಿದಾಗ ಊರಿಗೆ ಊರೇ ಸಿಡಿದೆದ್ದಿತು. ಇಂಥ ವರದಿಯನ್ನು ಯಂತ್ರಕ್ಕೆ ಕೊಟ್ಟರೆ ಪ್ರತಿಭಟನೆಯನ್ನೂ ಹವಾಮಾನವನ್ನೂ ಒಂದೇ ರಾಗದಲ್ಲಿ ಒಪ್ಪಿಸುತ್ತದೆ. ಮರಾಠಿ ಬಾಯಲ್ಲಿ ಕೊನೆಯ ಅಕಾರ ಬಿದ್ದುಹೋಗುವ ಹೆಸರುಗಳನ್ನು ಬರೆದಂತೆಯೇ ಪೂರ್ತಿ ಉಚ್ಚರಿಸುತ್ತದೆ. 'ಐತಿ', 'ಬರ್ತಾನ' ಎನ್ನುವವರ ಎದುರು ಶಿಷ್ಟ ಕನ್ನಡವನ್ನೇ ಆಡುತ್ತದೆ. ಧಾರವಾಡ ಆಕಾಶವಾಣಿ ಕೇಳಿ ಬೆಳೆದವರಿಗೆ ಅದೇನೂ ಹೊಸದಲ್ಲ.

ದೊಡ್ಡ ತೊಡಕು ಬೇರೆಡೆ ಇದೆ. ಸುದ್ದಿತಾಣಗಳಲ್ಲಿ ಯಂತ್ರದ ದನಿ ಹೊರಡಿಸುವ 'ಆಲಿಸಿ' ಗುಂಡಿ ಇರುವುದು ಸುದ್ದಿಯ ಒಳಗೆ. ಅಲ್ಲಿಗೆ ಮುಟ್ಟಲು ಮೊದಲು ತಲೆಬರಹ ಓದಬೇಕು. ಇದಕ್ಕೆ ಪರಿಹಾರ ಈಗಾಗಲೇ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿದೆ. ಅಂಧರಿಗಾಗಿ ಇಟ್ಟ ಟಾಕ್‌ಬ್ಯಾಕ್, ಬೆರಳು ತಾಗಿದ ತಲೆಬರಹವನ್ನೂ ಓದಿ ಹೇಳುತ್ತದೆ. ಕಣ್ಣು ಕಾಣುವವರಿಗೆ ಅದನ್ನು ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೇ.