ಆಶ್ರಯಧಾಮದ ಕಡಿಮೆ ಖರ್ಚಿನ ಸಂತಾನಹರಣ ಕ್ಲಿನಿಕ್: ಅಗ್ಗದ ಆಪರೇಷನ್ ಅಪಾಯಕಾರಿಯೇ?

‘ಕಡಿಮೆ ದುಡ್ಡಿಗೆ ಆಪರೇಷನ್ ಮಾಡುವ ಕಡೆ ನಾಯಿ ಬದುಕುವುದಿಲ್ಲ’, ‘ಒಂದು ಸೂಲು ಮರಿ ಹಾಕದೆ ಹೆಣ್ಣು ನಾಯಿಗೆ ಆಪರೇಷನ್ ಮಾಡಿಸಬಾರದು’, ‘ಆಪರೇಷನ್ ಆದ ನಾಯಿ ಕಚ್ಚುವುದಿಲ್ಲ’. ನಾಯಿ, ಬೆಕ್ಕುಗಳ ಸಂತಾನಹರಣದ ಬಗ್ಗೆ ಇಂಥ ಮಾತುಗಳನ್ನು ನೀವೂ ಕೇಳಿರಬಹುದು. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಪ್ರಾಣಿಗಳ ಆಶ್ರಯಧಾಮದಲ್ಲಿ ಇಂಥ ಕ್ಲಿನಿಕ್ ಏಕೆ ಬೇಕು? ನಾವು ಇಲ್ಲಿ ವಿವರಿಸಿದ್ದೇವೆ.

ಆಶ್ರಯಧಾಮಕ್ಕೆ ಕ್ಲಿನಿಕ್ ಏಕೆ?

ನಾಯಿಯ ಗರ್ಭಾವಧಿ ಸುಮಾರು 63 ದಿನ. ಹೆಚ್ಚಿನ ಹೆಣ್ಣು ನಾಯಿಗಳು ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತವೆ. ಬೆಕ್ಕು 4-5 ತಿಂಗಳಿಗೇ ಗರ್ಭ ಧರಿಸಬಲ್ಲದು. ಮನೆಯವರಿಗೆ ಬೇಡವಾದ ಮರಿಗಳು ರಟ್ಟಿನ ಡಬ್ಬದಲ್ಲಿ ಆಶ್ರಯಧಾಮದ ಗೇಟಿನ ಮುಂದೆ ಬಂದು ಕೂರುತ್ತವೆ. ಆಶ್ರಯಧಾಮದಲ್ಲಿರುವ ಜಾಗ ಮಾತ್ರ ಅಷ್ಟೇ. ಎಷ್ಟು ಮರಿಗಳನ್ನು ದತ್ತು ಕೊಟ್ಟರೂ ಹೊಸ ಮರಿಗಳು ಬರುವುದು ನಿಲ್ಲದಿದ್ದರೆ ಜಾಗ ಖಾಲಿಯಾಗುವುದಿಲ್ಲ.

ಆಪರೇಷನ್ ಖರ್ಚು ಕೇಳಿಯೇ ಹಿಂದೆ ಸರಿಯುವ ಮನೆಗಳು ಬಹಳ. ಅಂಥವರಿಗಾಗಿ ಅಮೆರಿಕದ ಲಾಸ್ ಏಂಜಲೀಸ್ ನಗರಾಡಳಿತ 1971ರಲ್ಲೇ ಕಡಿಮೆ ಶುಲ್ಕದ ಸಂತಾನಹರಣ ಕ್ಲಿನಿಕ್ ತೆರೆದಿತ್ತು. ನಮ್ಮ ದೇಶದಲ್ಲಿ ಚೆನ್ನೈನ ಬ್ಲೂ ಕ್ರಾಸ್, ಜೈಪುರದ ‘ಹೆಲ್ಪ್ ಇನ್ ಸಫರಿಂಗ್’ ಮುಂತಾದ ಸಂಸ್ಥೆಗಳು ದಶಕಗಳಿಂದ ಈ ಕೆಲಸ ಮಾಡುತ್ತಿವೆ.

ಹೇಳಿಕೆ 1: ಖರ್ಚು ಕಡಿಮೆ ಎಂದರೆ ಗುಣಮಟ್ಟವೂ ಕಡಿಮೆ

ವಾಸ್ತವ: ಹಾಗೇನಿಲ್ಲ. ಹೆಣ್ಣು ಪ್ರಾಣಿಯಲ್ಲಿ ಸಾಮಾನ್ಯವಾಗಿ ಅಂಡಾಶಯ ಮತ್ತು ಗರ್ಭಕೋಶವನ್ನು, ಗಂಡಿನಲ್ಲಿ ವೃಷಣಗಳನ್ನು ಅರಿವಳಿಕೆ ಕೊಟ್ಟು ತೆಗೆಯುತ್ತಾರೆ. ಇಂಥ ಕ್ಲಿನಿಕ್‌ನಲ್ಲಿ ಒಂದೇ ತಂಡ ದಿನವೂ ಇದೇ ಶಸ್ತ್ರಚಿಕಿತ್ಸೆ ಮಾಡುತ್ತದೆ. ಕೈ ಪಳಗಿದಷ್ಟೂ ಸಮಯ ಕಡಿಮೆ ಸಾಕು. ಒಂದು ಪ್ರಾಣಿಯ ಶಸ್ತ್ರಚಿಕಿತ್ಸೆ ನಡೆಯುವಾಗಲೇ ಸಹಾಯಕರು ಮುಂದಿನದನ್ನು ಸಿದ್ಧಪಡಿಸುತ್ತಾರೆ. ಔಷಧ, ಹೊಲಿಗೆ ದಾರಗಳನ್ನು ಒಟ್ಟಿಗೆ ಕೊಳ್ಳುತ್ತಾರೆ. ಉಳಿದ ಖರ್ಚನ್ನು ದೇಣಿಗೆ ಅಥವಾ ಅನುದಾನ ತುಂಬುತ್ತದೆ. ಉಳಿತಾಯ ಬರಬೇಕಾದದ್ದು ಇಲ್ಲಿಂದ. ಅರಿವಳಿಕೆ, ನೋವು ನಿವಾರಕ, ಸ್ವಚ್ಛತೆಯಲ್ಲಿ ಉಳಿಸಲು ಹೊರಟರೆ ಅದು ಅಪಾಯವೇ. ಈ ಮಾತು ದುಬಾರಿ ಆಸ್ಪತ್ರೆಗೂ ಅನ್ವಯಿಸುತ್ತದೆ.

ಹೇಳಿಕೆ 2: ಒಂದು ಸೂಲಾದರೂ ಮರಿ ಹಾಕಲೇಬೇಕು

ವಾಸ್ತವ: ಮರಿ ಹಾಕುವುದರಿಂದ ಆರೋಗ್ಯ ಸುಧಾರಿಸುತ್ತದೆ ಎನ್ನಲು ಆಧಾರವಿಲ್ಲ. ಬದಲಿಗೆ, ಆಪರೇಷನ್ ಆಗದ ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಗರ್ಭಕೋಶದೊಳಗೆ ಕೀವು ತುಂಬುವ ‘ಪಯೋಮೆಟ್ರಾ’ ಕಾಣಿಸಿಕೊಳ್ಳುವುದುಂಟು. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರೆ ಆ ಭಯವಿಲ್ಲ. ಆದರೆ ಎಲ್ಲ ನಾಯಿಗೂ ಒಂದೇ ವಯಸ್ಸು ಸರಿಯಲ್ಲ. ಗೋಲ್ಡನ್ ರಿಟ್ರೀವರ್‌ನಂಥ ದೊಡ್ಡ ತಳಿಗಳಿಗೆ ಒಂದು ವರ್ಷ ತುಂಬುವ ಮೊದಲೇ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚಬಹುದು ಎಂದು ಅಧ್ಯಯನಗಳು ಹೇಳಿವೆ. ಪಶುವೈದ್ಯರನ್ನು ಕೇಳಿಯೇ ಸಮಯ ನಿರ್ಧರಿಸಿ.

ಹೇಳಿಕೆ 3: ಆಪರೇಷನ್ ಆದರೆ ನಾಯಿ ದಪ್ಪವಾಗುತ್ತದೆ

ವಾಸ್ತವ: ಅರ್ಧ ಸತ್ಯ. ಆಪರೇಷನ್ ನಂತರ ದೇಹಕ್ಕೆ ಬೇಕಾದ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಹೆಚ್ಚಬಹುದು. ಮೊದಲಿನಷ್ಟೇ ಅನ್ನ ಹಾಕುತ್ತ ಹೋದರೆ ತೂಕ ಏರುತ್ತದೆ. ಊಟದ ಅಳತೆ ತಗ್ಗಿಸಿ, ದಿನವೂ ಓಡಾಡಿಸಿದರೆ ತಡೆಯಬಹುದು.

ಹೇಳಿಕೆ 4: ಒಂದು ಹೆಣ್ಣು ನಾಯಿಯಿಂದ 6 ವರ್ಷದಲ್ಲಿ 67,000 ನಾಯಿಗಳು

ವಾಸ್ತವ: ಸಂತಾನಹರಣದ ಪರವಾಗಿ ಹರಿದಾಡುವ ಈ ಲೆಕ್ಕವೂ ತಪ್ಪು. ಹುಟ್ಟಿದ ಮರಿಗಳೆಲ್ಲ ಬದುಕಿ, ಎಲ್ಲವೂ ಮರಿ ಹಾಕಿದರೆ ಮಾತ್ರ ಇಂಥ ಸಂಖ್ಯೆ ಬರುತ್ತದೆ. ಪಶ್ಚಿಮ ಬಂಗಾಳದ ಬೀದಿನಾಯಿಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಮನಿಸಿದ 364 ಮರಿಗಳಲ್ಲಿ ಮರಿ ಹಾಕುವ ವಯಸ್ಸಿನವರೆಗೆ ಬದುಕಿದ್ದು ಶೇ 19ರಷ್ಟು ಮಾತ್ರ. ಸಾವುಗಳಲ್ಲಿ ಹೆಚ್ಚಿನವಕ್ಕೆ ಮನುಷ್ಯರೇ ಒಂದಲ್ಲ ಒಂದು ರೀತಿ ಕಾರಣ. ಕ್ಲಿನಿಕ್ ಬೇಕು ಎನ್ನಲು ಉತ್ಪ್ರೇಕ್ಷೆಯ ಅಗತ್ಯವಿಲ್ಲ, ಈ ಸಾವುಗಳೇ ಸಾಕು.

ಹೇಳಿಕೆ 5: ಆಪರೇಷನ್ ಆದ ನಾಯಿ ಕಚ್ಚುವುದಿಲ್ಲ, ರೇಬೀಸ್ ಬರುವುದಿಲ್ಲ

ವಾಸ್ತವ: ತಪ್ಪು, ಮತ್ತು ಅಪಾಯಕಾರಿ. ಗಂಡು ನಾಯಿಗಳ ಅಲೆದಾಟ, ಬೆದೆಯ ಕಾಲದ ಜಗಳ ಕಡಿಮೆಯಾಗಬಹುದು. ಆದರೆ ಹೆದರಿದ ಅಥವಾ ಗಾಯಗೊಂಡ ಯಾವ ನಾಯಿಯೂ ಕಚ್ಚಬಹುದು. ರೇಬೀಸ್ ತಡೆಯುವುದು ಲಸಿಕೆ, ಆಪರೇಷನ್ ಅಲ್ಲ. ಕಿವಿಯ ತುದಿ ಕತ್ತರಿಸಿದ ಗುರುತು ಇದ್ದರೆ ಅದಕ್ಕೆ ಆಪರೇಷನ್ ಆಗಿದೆ ಎಂದರ್ಥ. ಲಸಿಕೆ ಈಗಲೂ ಕೆಲಸ ಮಾಡುತ್ತಿದೆ ಎಂಬ ಖಾತ್ರಿ ಅದರಿಂದ ಸಿಗದು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೀದಿನಾಯಿಗಳಿಗೆ ಇದರಿಂದ ಪ್ರಯೋಜನವಿದೆಯೇ?

ಇದೆ, ಆದರೆ ಅಲ್ಲೊಂದು ಇಲ್ಲೊಂದು ಮಾಡಿದರೆ ಸಾಲದು. ಜೈಪುರದಲ್ಲಿ 1994ರಿಂದ ನಾಯಿಗಳನ್ನು ಹಿಡಿದು, ಆಪರೇಷನ್ ಮಾಡಿ, ಲಸಿಕೆ ಹಾಕಿ ಅದೇ ಜಾಗದಲ್ಲಿ ಬಿಡಲಾಯಿತು. 2002ರ ಹೊತ್ತಿಗೆ ಆ ಪ್ರದೇಶದ ಶೇ 65ರಷ್ಟು ಹೆಣ್ಣು ನಾಯಿಗಳಿಗೆ ಇದು ಆಗಿತ್ತು. ನಾಯಿಗಳ ಸಂಖ್ಯೆ ಶೇ 28ರಷ್ಟು ಇಳಿದಿತ್ತು, ಅಲ್ಲಿ ಮನುಷ್ಯರ ರೇಬೀಸ್ ಪ್ರಕರಣಗಳು ಸೊನ್ನೆಗೆ ಬಂದಿದ್ದವು. ಇದಕ್ಕೆ ಎಂಟು ವರ್ಷ ಹಿಡಿಯಿತು. ಕೇಂದ್ರ ಸರ್ಕಾರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳ ಸಂತಾನಹರಣ ಸ್ಥಳೀಯ ಸಂಸ್ಥೆಗಳ ಹೊಣೆ. ಸಾಕು ನಾಯಿಯ ಹೊಣೆ ಮಾಲೀಕರದು.

ಕರೆದುಕೊಂಡು ಹೋಗುವ ಮೊದಲು ಇವನ್ನು ಕೇಳಿ

- ಶಸ್ತ್ರಚಿಕಿತ್ಸೆ ಮಾಡುವವರು ನೋಂದಾಯಿತ ಪಶುವೈದ್ಯರೇ?
- ಪ್ರತಿ ಪ್ರಾಣಿಗೂ ಬೇರೆ, ಕ್ರಿಮಿಶುದ್ಧ ಮಾಡಿದ ಉಪಕರಣ ಬಳಸುತ್ತಾರೆಯೇ?
- ಆಪರೇಷನ್‌ಗೆ ಮುಂಚೆ ಪ್ರಾಣಿಯನ್ನು ಪರೀಕ್ಷಿಸುತ್ತಾರೆಯೇ? ನಂತರ ನೋವಿಗೆ ಔಷಧ ಕೊಡುತ್ತಾರೆಯೇ?
- ಎಷ್ಟು ಗಂಟೆ ಮೊದಲಿನಿಂದ ಊಟ ನಿಲ್ಲಿಸಬೇಕು? (ಎಳೆಯ ಮರಿಗಳಿಗೆ ಇದು ಬೇರೆ.)
- ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

ಮನೆಗೆ ತಂದ ಮೇಲೆ 10ರಿಂದ 14 ದಿನ ಓಡಲು, ಜಿಗಿಯಲು ಬಿಡಬೇಡಿ. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕೋನ್ ಹಾಕಿ. ರಕ್ತ, ಕೀವು, ಊತ ಕಂಡರೆ, ಇಲ್ಲವೇ ಊಟ ಬಿಟ್ಟರೆ ತಕ್ಷಣ ವೈದ್ಯರಿಗೆ ತಿಳಿಸಿ. ಗಂಡು ನಾಯಿಯನ್ನು ಆಪರೇಷನ್ ನಂತರ ಕೆಲವು ವಾರ ಬೆದೆಗೆ ಬಂದ ನಾಯಿಯಿಂದ ದೂರವಿಡಿ, ಅಲ್ಲಿಯವರೆಗೆ ಗರ್ಭ ಕಟ್ಟುವ ಸಾಧ್ಯತೆ ಇರುತ್ತದೆ.

ಕೊನೆಯದಾಗಿ

ಶುಲ್ಕ ಕಡಿಮೆ ಎಂಬುದು ಅನುಮಾನಕ್ಕೆ ಕಾರಣವಾಗಬೇಕಿಲ್ಲ. ಮೇಲಿನ ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಮಾತ್ರ ಅನುಮಾನಪಡಿ. ‘ನಂಬಬೇಡಿ’ ಎಂಬ ಸಂದೇಶ ನೋಡಿ ಒಬ್ಬರು ಹಿಂದೆ ಸರಿದರೂ ಮುಂದಿನ ಬೆದೆಗೆ ಇನ್ನೊಂದು ಡಬ್ಬ ಮರಿಗಳು ಆ ಗೇಟಿನ ಮುಂದೆ ಬರಬಹುದು. ಫಾರ್ವರ್ಡ್ ಮಾಡುವ ಮೊದಲು ಹತ್ತಿರದ ಪಶುವೈದ್ಯರನ್ನು ಒಮ್ಮೆ ಕೇಳಿ.